ಹೌಜಿನ ಜೋಡಿಗೆ ನೆರೆಹೊರೆ

ನಮ್ಮ ಅತ್ತೆಯವರನ್ನು ನೆನೆದರೆ ನನಗೆ ಮೊದಲು ಕಾಣುವುದು ಅವರ ಬೆನ್ನು. ನಾರಾಯಣಪೇಟೆಯ ನಮ್ಮ ಮನೆಯ ಅಂಗಳದಲ್ಲಿ ಒಂದು ಕಲ್ಲಿನ ಹೌಜು ಇತ್ತು. ಕೈಕಾಲು ತೊಳೆಯುವ ನೀರಿಗೆಂದು ಮಾವನವರ ತಂದೆ ಹೈದರಾಬಾದಿನಲ್ಲಿ ಯಾವುದೋ ನವಾಬರ ದೇವಡಿಯಲ್ಲಿ ನೋಡಿ ಬಂದು ಕಟ್ಟಿಸಿದ್ದು. ಅದರ ಕಟ್ಟೆಯ ಮೇಲೆ, ಮನೆಮಂದಿಗೆಲ್ಲ ಬೆನ್ನು ಹಾಕಿ, ನೀರಿನೊಳಗೆ ನೋಡುತ್ತಾ ಕೂತಿರುತ್ತಿದ್ದರು. ಯಾರಾದರೂ ಕರೆದರೆ ತಿರುಗದೆಯೇ ಉತ್ತರ ಕೊಡುತ್ತಿದ್ದರು. ಆ ಉತ್ತರ ಕೇಳಿದವರಿಗೆ ಮತ್ತೊಮ್ಮೆ ಕರೆಯುವ ಧೈರ್ಯ ಬರುತ್ತಿರಲಿಲ್ಲ.

ನಾನು ಮಕ್ತಲದ ಹುಡುಗಿ. ನಿಜಾಮರ ಆಳಿಕೆ ಇನ್ನೂ ಗಟ್ಟಿಯಾಗಿದ್ದ ಕಾಲದಲ್ಲಿ ಆ ಮನೆಗೆ ಕಿರಿಯ ಸೊಸೆಯಾಗಿ ಬಂದೆ. ಅವರದು ಸೀರೆಯ ವ್ಯಾಪಾರ. ಊರಿನ ನೇಕಾರರಿಂದಲೂ, ಕೃಷ್ಣೆಯಾಚೆ ಗದ್ವಾಲದ ನೇಕಾರರಿಂದಲೂ ಸೀರೆ ನೇಯಿಸಿ ಹೈದರಾಬಾದಿಗೆ ಒಯ್ದು ಮಾರುತ್ತಿದ್ದರು. ಮಾವನವರು ತೀರಿಕೊಂಡಿದ್ದರು. ಮನೆಯಲ್ಲಿ ಅತ್ತೆ, ಭಾವ, ಭಾವನ ಹೆಂಡತಿ, ನನ್ನ ಗಂಡ ಮತ್ತು ನಾನು. ಭಾವನ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಮನೆಗೆ ಬೆಂಕಿ ಬಿದ್ದರೂ ಒಲೆಯ ಮೇಲಿನ ಹಾಲು ಇಳಿಸಿಯೇ ಹೊರಗೆ ಬರುವ ಹೆಂಗಸು ಆಕೆ. ಭಾವ ಅಂಗಡಿ ನೋಡಿಕೊಳ್ಳುತ್ತಿದ್ದರು, ಅವರಿಗೆ ಬೇಕಾದದ್ದು ಸದ್ದಿಲ್ಲದ ಮನೆ ಒಂದೇ. ಊರೂರು ತಿರುಗಿ ಮಾರುವ ಕೆಲಸ ನಮ್ಮವರದು.

ನಮ್ಮವರಿಗೂ ನನಗೂ ದಿನ ಬೆಳಗಾದರೆ ಜಗಳ. ಸಣ್ಣ ದನಿಯ ಜಗಳವಲ್ಲ, ಬೀದಿಯವರು ಕೈಕೆಲಸ ಬಿಟ್ಟು ಕೇಳುವಂಥದ್ದು. ಅವರು ಒಳ್ಳೆಯ ಮನುಷ್ಯರು, ನಾನೂ ಕೆಟ್ಟವಳಲ್ಲ, ಆದರೆ ಇಬ್ಬರಿಗೂ ಕೋಪ ಮೂಗಿನ ತುದಿಯಲ್ಲೇ. ಮದುವೆಯಾದ ಮರುವರ್ಷ ಒಂದು ದಿನ ಲೋಟ ಎಸೆದು ಮಕ್ತಲಕ್ಕೆ ಹೊರಟುಹೋದೆ. ಭಾವನವರೇ ಬಂಡಿ ತಂದು ಕರೆದುಕೊಂಡು ಬಂದರು. ಬರುವಾಗ ದಾರಿಯಲ್ಲಿ ಒಂದೇ ಮಾತು ಹೇಳಿದರು: “ಇದೊಂದ ಸಲ ಬಂದೀನಿ ತಂಗೀ. ಇನ್ನೊಂದ ಸಲ ಹ್ವಾದ್ರ ಈ ಮನಿಯಿಂದ ಬಂಡಿ ಹೂಡೋದಿಲ್ಲ.” ಅವರು ಸುಮ್ಮನೆ ಬೆದರಿಸುವವರಲ್ಲ. ನನ್ನ ತಂದೆಯೂ ಹೆಚ್ಚುಕಡಿಮೆ ಅದನ್ನೇ ಹೇಳಿ ಕಳಿಸಿದ್ದರು. ಹೀಗೆ, ಇನ್ನೊಂದು ಸಲ ಲೋಟ ಎಸೆದರೆ ನನ್ನ ಸಂಸಾರ ಅಲ್ಲಿಗೆ ಮುಗಿಯಿತು ಎಂದು ನನಗೂ ಗೊತ್ತಿತ್ತು, ಮನೆಮಂದಿಗೆಲ್ಲ ಗೊತ್ತಿತ್ತು. ಗೊತ್ತಿದ್ದರೂ ಕೋಪ ಬಂದಾಗ ಲೋಟ ಕೈಗೆ ಸಿಗುತ್ತಿತ್ತು.

ಅತ್ತೆಯವರ ಸಂಗತಿ ಇನ್ನೊಂದು ಬಗೆ. ಹೊಸಬರು ಬಂದರೆ ನನ್ನನ್ನು ಅವರ ಮಗಳು ಎಂದುಕೊಳ್ಳುತ್ತಿದ್ದರು. ಅದೇ ಗಿಡ್ಡ ಮೈಕಟ್ಟು, ಅದೇ ಬಿರುಸು ನಡಿಗೆ, ಅದೇ ನಾಲಗೆ. ಅಡಿಗೆಮನೆಯಲ್ಲಿ ಇಬ್ಬರೂ ಇದ್ದರೆ ಉಪ್ಪಿನ ಮರಿಗೆ ಎಲ್ಲಿರಬೇಕು ಎನ್ನುವುದರಿಂದ ಶುರುವಾಗಿ ನನ್ನ ತವರಿನ ಮೂರು ತಲೆಮಾರಿನವರೆಗೆ ಹೋಗುತ್ತಿತ್ತು. ನಮ್ಮವರು ನಡುವೆ ಬರುತ್ತಿದ್ದರು. ಆಮೇಲೆ ಅತ್ತೆ ಹೌಜಿನ ಕಡೆ ಹೋಗಿ ಕೂರುತ್ತಿದ್ದರು, ಜಗಳ ನಾವಿಬ್ಬರು ಗಂಡಹೆಂಡತಿ ಮುಂದುವರಿಸುತ್ತಿದ್ದೆವು.

ಒಂದು ಬೇಸಿಗೆ, ಯುಗಾದಿ ಮುಗಿದ ಮೇಲೆ, ನಮ್ಮವರು ಹೈದರಾಬಾದಿನಿಂದ ಎರಡು ಮೀನು ತಂದರು. ಅವರು ಸೀರೆ ಕೊಡುತ್ತಿದ್ದ ಒಂದು ದೇವಡಿಯಲ್ಲಿ ಬೇಗಂ ಸಾಹೇಬರು ಗಾಜಿನ ಪೆಟ್ಟಿಗೆಯಲ್ಲಿ ಬಣ್ಣದ ಮೀನು ಸಾಕಿದ್ದರಂತೆ. ಅದರಲ್ಲಿ ಸಮುದ್ರದಾಚೆಯ ಯಾವುದೋ ದೇಶದಿಂದ ಬೊಂಬಾಯಿಗೆ ಬಂದ ಈ ಜೋಡಿ ಉಳಿದವನ್ನೆಲ್ಲ ಕಚ್ಚಿ ಕೊಂದು ಹಾಕುತ್ತಿತ್ತಂತೆ. ಬೇಸತ್ತ ಬೇಗಂ ಸಾಹೇಬರು ಇವರಿಗೆ ಬಕ್ಷೀಸು ಎಂದು ದಾಟಿಸಿದರು. ಬಕ್ಷೀಸು ಬೇಡ ಎನ್ನುವಂತಿರಲಿಲ್ಲ. ಮಣ್ಣಿನ ಗಡಿಗೆಯಲ್ಲಿಟ್ಟುಕೊಂಡು, ರೈಲಿನಲ್ಲಿ ವಾಡಿ ಸುತ್ತಿ, ನಾರಾಯಣಪೇಟೆ ರೋಡ್ ಟೇಷನ್ನಿನಿಂದ ಬಂಡಿಯಲ್ಲಿ ತೊಡೆಯ ಮೇಲೆ ಗಡಿಗೆ ಇಟ್ಟುಕೊಂಡು ಬಂದಿದ್ದರು. ಧೋತರವೆಲ್ಲ ಒದ್ದೆ. ಕೊಲ್ಲುವ ಸಂಗತಿ ನಮಗೆ ಆಗ ಹೇಳಲಿಲ್ಲ.

ಮೀನು ಚೆಂದ ಇದ್ದವು. ಅಂಗೈ ಅಗಲದ ಕಪ್ಪು ಮೈ, ಮೈತುಂಬ ಹಸಿರು ನೀಲಿ ಚುಕ್ಕಿ, ರೆಕ್ಕೆಯ ತುದಿಗೆ ಕೆಂಪು ಗೆರೆ. ಸೀರೆಯ ಮನೆಯವರ ಕಣ್ಣಿಗೆ ಮೊದಲು ಬೀಳುವುದು ಅಂಚೇ. “ಒಡಲಿಗಿ ಅಂಚು ಚಲೋ ಕೂಡೈತಿ” ಎಂದು ಅತ್ತೆ ಅಂದೇ ಅವನ್ನು ಮೆಚ್ಚಿಕೊಂಡರು.

ಹೌಜಿನಲ್ಲಿ ಸೊಳ್ಳೆಯಾಗದಿರಲೆಂದು ಬಿಟ್ಟಿದ್ದ ಒಂದಿಷ್ಟು ಸಣ್ಣ ಮೀನು ಮೊದಲಿನಿಂದ ಇದ್ದವು. ಈ ಜೋಡಿಯನ್ನೂ ಅದರಲ್ಲೇ ಬಿಟ್ಟರು. ಜೋಳದ ರೊಟ್ಟಿ ಮುರಿದು ಹಾಕಿದರೆ ತಿಂದವು. ಮೀನು ಮುಟ್ಟದ, ಲಿಂಗ ಕಟ್ಟಿದ ಮನೆ ನಮ್ಮದು. ಮೀನಿನ ಬಗ್ಗೆ ಹುಟ್ಟಾ ಯಾರಿಗೂ ಏನೂ ಗೊತ್ತಿಲ್ಲ. “ರೊಟ್ಟಿ ತಿಂತಾವು ನೋಡ್ರಿ, ನಮ್ಮ ಮನಿ ರೀತಿ ಹಿಡದ್ವು” ಎಂದು ಅತ್ತೆ ಓಣಿಗೆಲ್ಲ ಹೇಳಿದರು. ಕೆಲವು ದಿನ ಕಳೆಯುವುದರಲ್ಲಿ ಹೌಜಿನ ಮೇಲೆ ಸಣ್ಣ ಮೀನಿನ ಬಾಲಗಳು ತೇಲತೊಡಗಿದವು. ಆಗ ನಮ್ಮವರು ತಲೆ ಕೆರೆದುಕೊಳ್ಳುತ್ತಾ ಬೇಗಂ ಸಾಹೇಬರ ಮಾತು ಹೇಳಿದರು.

ಸಣ್ಣವು ಒಂದೂ ಉಳಿಯಲಿಲ್ಲ. ಅವುಗಳ ತಪ್ಪೇನೂ ಇರಲಿಲ್ಲ. ಜೋಡಿ ಹೌಜಿನ ಮೂಲೆಯ ಒಂದು ಚಪ್ಪಟೆ ಕಲ್ಲನ್ನು ಬಾಯಿಂದ ಉಜ್ಜಿ ಉಜ್ಜಿ ಸ್ವಚ್ಛ ಮಾಡಿ ಮೊಟ್ಟೆ ಇಟ್ಟಿತ್ತು. ಹೆಣ್ಣು ಮೊಟ್ಟೆಗೆ ರೆಕ್ಕೆ ಬೀಸುತ್ತಿತ್ತು, ಗಂಡು ಸುತ್ತಲೂ ಪಹರೆ ತಿರುಗುತ್ತಿತ್ತು. ಹತ್ತಿರ ಸುಳಿದವರಿಗೆ ಉಳಿಗಾಲವಿರಲಿಲ್ಲ. ನೀರಿಗೆ ಕೈ ಹಾಕಿದ ಅಕ್ಕನ ಬೆರಳಿಗೂ ಕುಟುಕಿತು. ಅತ್ತೆಗೆ ಇದೂ ಮೆಚ್ಚುಗೆಯೇ ಆಯಿತು. “ಗಂಡಸು ಮಕ್ಕಳನ್ನ ಕಾಯೋದು ನನ್ನ ಜಲ್ಮದಾಗ ಈಗ ನೋಡಿದೆ” ಎಂದು ಇಬ್ಬರು ಗಂಡುಮಕ್ಕಳ ಎದುರಿಗೇ ಅಂದರು.

ಹೌಜು ಖಾಲಿಯಾದ ಮೇಲೆ ಇನ್ನು ಜೋಡಿ ಸುಖವಾಗಿರುತ್ತದೆ ಎಂದು ಎಲ್ಲರೂ ಅಂದುಕೊಂಡೆವು. ಆಗಿದ್ದೇ ಬೇರೆ. ಓಡಿಸಲು ಯಾರೂ ಸಿಗದ ಗಂಡು ಹೆಣ್ಣಿನ ಮೇಲೆ ತಿರುಗಿತು. ಹೆಣ್ಣೂ ಮೊದಮೊದಲು ಸರಿಯಾಗಿಯೇ ತಿರುಗಿ ಕಚ್ಚಿತು, ಬಾಯಿಗೆ ಬಾಯಿ ಹಚ್ಚಿ ಎಳೆದಾಡಿತು. ಆಮೇಲೆ ಸೋತಿತು. ಬಾಲದ ಕೆಂಪು ಅಂಚು ಹರಿದು ನೂಲು ನೂಲಾಯಿತು. ಮೊಟ್ಟೆ ಬೆಳ್ಳಗಾಗಿ ಕೆಟ್ಟವು. ಹೆಣ್ಣು ಹೌಜಿನ ತೂಬಿನ ಬಾಯಿಗೆ ಮೈ ಒತ್ತಿ ನಿಂತುಬಿಟ್ಟಿತು. ಗಂಡು ಮುಂದೆ ಹಾದುಹೋದಾಗಲೆಲ್ಲ ಅದರ ಬಣ್ಣ ಇಳಿದು ಮಾಸಲಾಗುತ್ತಿತ್ತು. ಅತ್ತೆ ಕಟ್ಟೆ ಬಿಟ್ಟು ಏಳದಾದರು.

ಅದೇ ದಿನಗಳಲ್ಲಿ ಭಾವನವರು ಊಟಕ್ಕೆ ಕೂತಾಗ ಗದ್ವಾಲದ ಮಾತು ತೆಗೆದರು. ಗದ್ವಾಲದ ನೇಕಾರರ ಓಣಿಯಲ್ಲಿ ನಮ್ಮದೊಂದು ಮನೆ ಇತ್ತು. ಮಾವನವರು ಇದ್ದಾಗ ಅಲ್ಲೇ ಉಳಿದು ಮಗ್ಗಗಳ ಮೇಲೆ ಕಣ್ಣಿಡುತ್ತಿದ್ದರು. ಅವರು ಹೋದ ಮೇಲೆ ಮನೆಗೆ ಬೀಗ, ಅಲ್ಲಿಂದ ಬರುವ ಸೀರೆಗೂ ಹಿಂದಿನ ಹದ ಇರಲಿಲ್ಲ.

“ಅವ್ವಾ, ಅಲ್ಲಿ ಯಾರರ ಇರಲೇಬೇಕು. ಇವರಿಬ್ರನ್ನ ಕಳಸೂಣು” ಎಂದರು ಭಾವ. “ದಸರಾ ಮುಗಿದು ಹೊಳಿ ಇಳೀಲಿ, ದಾಟ್ಸಿ ಬಿಡೂಣು. ಅವರ ಜಗಳ ಅವರಿಗೇ ಇರಲಿ. ಇಲ್ಲಿ ನಮಗರ ನಿದ್ದಿ ಬೀಳ್ತೈತಿ.”

ನನಗೆ ಸ್ವರ್ಗ ಮೂರೇ ಗೇಣು ಎನಿಸಿತು. ನನ್ನದೇ ಒಲೆ, ನನ್ನದೇ ಉಪ್ಪಿನ ಮರಿಗೆ. ಅಲ್ಲಿ ಹೇಳುವವರು ಕೇಳುವವರು ಯಾರೂ ಇರುವುದಿಲ್ಲ. ಬಡಿಸುತ್ತಿದ್ದ ನನ್ನ ಮುಖ ಎಲ್ಲರಿಗೂ ಕಂಡಿರಬೇಕು. ಅತ್ತೆ ಮಾತ್ರ ಕೈ ತೊಳೆಯಲು ಹೌಜಿನ ಬಳಿ ಹೋದವರು ಅಲ್ಲೇ ಕೂತುಬಿಟ್ಟರು.

ಮರುದಿನ ಬೆಳಗ್ಗೆ ಗಂಡುಮೀನು ತೋರಿಸಿ ಅವರು ಹೇಳಿದ ಮಾತು ನನಗೆ ಈಗಲೂ ಕಿವಿಯಲ್ಲಿದೆ. “ಅದಕ್ಕ ಜಗಳ ಬೇಕು. ಅದರ ಹುಟ್ಟೇ ಹಂಗೈತಿ, ಏನ್ ಮಾಡಾಕ ಬರ್ತೈತಿ? ಎದುರಿಗಿ ಮತ್ಯಾರೂ ಇಲ್ಲದ್ದಕ್ಕ ಹೇಣ್ತಿ ಮ್ಯಾಲ ಹೊಂಟೈತಿ. ನೆರಿಹೊರಿ ಬೇಕು ಅವಕ್ಕ. ಸಾಯದಂಥಾ ನೆರಿಹೊರಿ.”

ಬೇಗಂ ಸಾಹೇಬರಿಗೆ ಹೊಳೆಯದ್ದು ಇವರಿಗೆ ಹೊಳೆಯಿತಲ್ಲ ಎಂದು ನಾನು ಒಳಗೊಳಗೇ ಬೆರಗಾದೆ. ಅವರನ್ನು ಹೊಗಳುವ ರೂಢಿ ನನಗಿರಲಿಲ್ಲ.

ನೆರೆಹೊರೆ ಬೇಕೆಂದರೆ ಮೀನು ಕೊಳ್ಳಬೇಕು. ನಮ್ಮ ಓಣಿಗೆ ಮೀನು ಮಾರುವವರು ಕಾಲಿಡುತ್ತಿರಲಿಲ್ಲ. ಅತ್ತೆ ಉಟ್ಕೂರಿನ ಕೆರೆಯಲ್ಲಿ ಬಲೆ ಹಾಕುವವನ ಹೆಂಡತಿಗೆ ಹೇಳಿಕಳಿಸಿ ಹಿತ್ತಲ ಬಾಗಿಲಿಗೆ ಕರೆಸಿದರು. ಮಾತು ಓಣಿಗೆ ಬೀಳಲು ಎಷ್ಟು ಹೊತ್ತು? ಹಣೆಗೆ ಈಬತ್ತಿ ಹಚ್ಚುವ ಮುದುಕಿ ಹಿತ್ತಲಿನಿಂದ ಮೀನು ತರಿಸುತ್ತಾಳೆ, ಅದೂ ಜೀವಂತದ್ದೇ ಬೇಕಂತೆ ಎಂದು ಆಡಿಕೊಂಡರು. ಅತ್ತೆಗೆ ಇದು ಮುಟ್ಟಿದಾಗ ಓಣಿಯ ಹೆಂಗಸರನ್ನೆಲ್ಲ ಅರಿಸಿನ ಕುಂಕುಮಕ್ಕೆ ಕರೆಯುವಂತೆ ಅಕ್ಕನನ್ನು ಕಳಿಸಿ ಕರೆಸಿದರು. ಹೌಜಿನ ಸುತ್ತ ನಿಲ್ಲಿಸಿ, “ನೋಡ್ರೆವ್ವ, ಹೊಟ್ಟಿಗಿ ತಂದೀನೋ ಹೌಜಿಗಿ ತಂದೀನೋ ನೀವೇ ಫೈಸಲಾ ಮಾಡ್ರಿ” ಎಂದರು. ಅಂದಿನಿಂದ ಆಡಿಕೊಳ್ಳುವವರೇ ಸಂಜೆ ಸಂಜೆ ಬಂದು ಇವತ್ತು ಹೆಣ್ಣುಮೀನು ಹೇಗಿದೆ ಎಂದು ವಿಚಾರಿಸತೊಡಗಿದರು.

ಆದರೆ ಮೊದಲ ಆಯ್ಕೆಯಲ್ಲಿ ಅತ್ತೆ ಎಡವಿದರು, ನಮ್ಮಂಥ ಮನೆಯವರೇ ಎಡವುವ ರೀತಿಯಲ್ಲಿ. ಸಂಬಂಧ ನೋಡಿದಂತೆ ನೋಡಿದರು. ನಮ್ಮಲ್ಲಿ ಹೆಣ್ಣು ತರುವುದಾದರೆ ಮನೆತನಕ್ಕೆ ಮನೆತನ, ಬಣ್ಣಕ್ಕೆ ಬಣ್ಣ, ಎತ್ತರಕ್ಕೆ ಎತ್ತರ ಕೂಡಬೇಕು. ಸರಿಸಮಾನರಾದರೆ ಹೊಂದಿಕೊಂಡು ಹೋಗುತ್ತಾರೆ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಉಟ್ಕೂರಿನಾಕೆ ತಂದ ಗಡಿಗೆಯಿಂದ ಅತ್ತೆ ಒಂದೊಂದೇ ಮೀನನ್ನು ಬೊಗಸೆಯಲ್ಲೆತ್ತಿ, ಆಚೀಚೆ ತಿರುಗಿಸಿ, “ಇದರ ಗುಣ ಹ್ಯಾಂಗವ್ವಾ? ತಂಟೆ ತಕರಾರು ಇಲ್ಲಲ್ಲ?” ಎಂದು ಕೇಳಿದರು. ಆಕೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಮಾರುವವಳಿಗೆ ಮೀನಿನ ಗುಣ ಸಾರಿನಲ್ಲಿ ತಾನೆ ಗೊತ್ತಾಗುವುದು? ಕೊನೆಗೆ ಅತ್ತೆ ಆರಿಸಿದ್ದು ನಮ್ಮ ಜೋಡಿಯ ಹಾಗೇ ಅಗಲ ಮೈಯ, ಮೈಮೇಲೆ ಕಪ್ಪು ಪಟ್ಟೆಯ, ಅಷ್ಟೇ ಉದ್ದದ ಮೀನು. ಅವಕ್ಕೆ ಪಟ್ಟೆ ಮೀನು ಎಂದೇ ನಾವು ಹೆಸರಿಟ್ಟೆವು. ಬೀಗರನ್ನು ಒಳಗೆ ಕರೆದಂತೆ ಮೆಲ್ಲಗೆ ಬಿಟ್ಟರು.

ಆ ಮೀನುಗಳಿಗೆ ಬಂದ ಗತಿ ಸಣ್ಣ ಮೀನಿಗೂ ಬಂದಿರಲಿಲ್ಲ. ಗಂಡು ಮೈಬಣ್ಣ ಕಡುಗಪ್ಪು ಮಾಡಿಕೊಂಡು, ಕಿವಿರು ಉಬ್ಬಿಸಿ, ಎದುರಿಗೆ ಬಂದದ್ದರ ಮೇಲೆ ಬಿತ್ತು. ಪಟ್ಟೆ ಮೀನು ಓಡದೆ ಎದುರು ನಿಂತವು. ಎದುರು ನಿಂತದ್ದೇ ಅವುಗಳ ಕೊನೆಯಾಯಿತು. ನಮ್ಮ ಹರಿದ ಬಾಲದ ಹೆಣ್ಣೂ ತೂಬು ಬಿಟ್ಟು ಬಂದು ಗಂಡಿನ ಜೊತೆ ಸೇರಿ ಕಚ್ಚಿತು. ಎಲ್ಲ ಮುಗಿದ ಮೇಲೆ ಮತ್ತೆ ಗಂಡು ಅದನ್ನೇ ತೂಬಿಗೆ ಅಟ್ಟಿತು.

ಅತ್ತೆಯವರ ಮುಖ ಸಣ್ಣದಾಗಿತ್ತು. ಸತ್ತ ಮೀನುಗಳನ್ನು ತಾವೇ ಎತ್ತಿ ಹಿತ್ತಲಲ್ಲಿ ಮಣ್ಣು ಮಾಡಿದರು. ಕೈ ತೊಳೆಯುತ್ತಾ ನನ್ನ ಕಡೆ ನೋಡಿ, “ನಾ ತಪ್ಪು ತಿಳಕೊಂಡಿದ್ದೆ. ತನ್ನಂಥಾದ್ದನ್ನ ಕಂಡ್ರ ಅದಕ್ಕ ತಡಿಯೋದಿಲ್ಲ. ತನ್ನ ಜಾಗಾ ಕಸಗೊಳ್ಳಾಕ ಬಂದೈತಿ ಅಂತ ತಿಳೀತೈತಿ” ಎಂದರು. ಆ ವಯಸ್ಸಿನಲ್ಲಿ, ಹುಟ್ಟಿದಾಗಿನಿಂದ ನಂಬಿದ್ದನ್ನು ಒಂದು ಬೆಳಗಿನಲ್ಲಿ ಕೈಬಿಟ್ಟು ಬೇರೆ ಯೋಚನೆ ಹಿಡಿಯುವವರು ಎಷ್ಟು ಜನ? ನಾನು ಇಂದಿಗೂ ಅಷ್ಟು ಬೇಗ ಸೋಲೊಪ್ಪುವವಳಲ್ಲ.

ಈ ಸಲ ಎಲ್ಲವನ್ನೂ ತಿರುವುಮುರುವು ಮಾಡಿದರು. ಜೋಡಿಗೆ ಯಾವುದರಲ್ಲೂ ಹೋಲದ್ದು ಬೇಕು ಎಂದರು. ಅವು ಅಗಲ, ಇವು ಸಪೂರ ಇರಬೇಕು. ಅವು ಕಪ್ಪು, ಇವು ಬೆಳ್ಳಗಿರಬೇಕು. ಅವು ಕಲ್ಲಿನ ಬುಡ ಹಿಡಿಯುತ್ತವೆ, ಇವು ನೀರಿನ ಮೇಲುಗಡೆ ಇರಬೇಕು, ಗುಂಪಾಗಿರಬೇಕು, ಚುರುಕಾಗಿರಬೇಕು. ಒಂದಕ್ಕೇ ಎಲ್ಲ ಪೆಟ್ಟು ಬೀಳಬಾರದು. ಉಟ್ಕೂರಿನಾಕೆ ಬೆರಳುದ್ದದ ಬೆಳ್ಳಿ ಬಣ್ಣದ ಮೀನು ಒಂದು ಗಡಿಗೆ ತಂದಳು. ಗಡಿಗೆಯೊಳಗೇ ಅವು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ತಳಕ್ಕೆಂದು ಮೀಸೆಯ ಮೀನು ಕೆಲವು ಬಂದವು, ಹಗಲೆಲ್ಲ ಗೂಡಿನಲ್ಲಿ ಮಲಗಿ ಯಾರ ತಂಟೆಗೂ ಹೋಗದಂಥವು. ಅವಕ್ಕೆ ಒಡೆದ ಮಡಕೆಯ ಬಾಯಿಗಳನ್ನು ಗೂಡಾಗಿ ಇಡಿಸಿದರು.

ಅದಕ್ಕಿಂತ ದೊಡ್ಡ ಬುದ್ಧಿವಂತಿಕೆ ಇನ್ನೊಂದು. ಜೋಡಿಯನ್ನು ಹಿಡಿದು ಗಡಿಗೆಗೆ ಹಾಕಿ, ಹೌಜಿನ ನೀರು ಅರ್ಧ ಬಿಡಿಸಿ, ಒಳಗಿನ ಕಲ್ಲುಗಳನ್ನೆಲ್ಲ ಜಾಗ ಬದಲಿಸಿದರು. ಮೂಲೆಯ ಚಪ್ಪಟೆ ಕಲ್ಲು ನಡುವೆ ಬಂತು, ನಡುವಿನ ಗುಂಡು ತೂಬಿನ ಬಳಿಗೆ ಹೋಯಿತು. ಮೊದಲು ಬೆಳ್ಳಿ ಮೀನು, ಮೀಸೆ ಮೀನು ಬಿಟ್ಟು, ಅವು ಒಂದು ದಿನ ಓಡಾಡಿದ ಮೇಲೆ ಜೋಡಿಯನ್ನು ಬಿಟ್ಟರು.

“ಕಲ್ಲು ಯಾಕ ಸರಿಸಿದ್ರಿ?” ಎಂದು ನಾನು ಕೇಳಿದೆ.

“ಹಳೇ ಮನಿ ಹಂಗೇ ಇದ್ರ ಹಳೇಬರು ಮಾಲಕರು, ಹೊಸಬರು ಕಳ್ಳರು. ಈಗ ಎಲ್ಲಾರಿಗೂ ಹೊಸಾ ಮನಿ. ಯಾರೂ ಯಾರಿಗೂ ಹೊರಗ ನಡಿ ಅನ್ನಾಕ ಬರೋದಿಲ್ಲ.”

ಗಂಡು ಮೊದಲು ಕಕ್ಕಾಬಿಕ್ಕಿಯಾಯಿತು. ಕಲ್ಲುಗಳನ್ನೆಲ್ಲ ಮೂಸಿ ಬಂತು. ಆಮೇಲೆ ಬೆಳ್ಳಿ ಮೀನಿನ ಗುಂಪಿನ ಮೇಲೆ ನುಗ್ಗಿತು. ಗುಂಪು ಫಕ್ಕನೆ ಒಡೆದು, ಮರುಕ್ಷಣ ಬೇರೆ ಕಡೆ ಕೂಡಿಕೊಂಡಿತು. ಮತ್ತೆ ನುಗ್ಗಿತು, ಮತ್ತೆ ಅದೇ. ಒಂದನ್ನೂ ಹಿಡಿಯಲಾಗದು, ಸುಮ್ಮನಿರಲೂ ಆಗದು. ಕೈತುಂಬ ಕೆಲಸ ಸಿಕ್ಕ ಗಂಡಸಿನ ಹಾಗೆ ಅದರ ಮೈಬಣ್ಣ ಹೊಳೆಯತೊಡಗಿತು. ಹೆಣ್ಣು ತೂಬು ಬಿಟ್ಟು ಈಚೆ ಬಂತು. ಗಂಡು ಅದರ ಪಕ್ಕ ಹಾದುಹೋಯಿತು, ಕಚ್ಚಲಿಲ್ಲ. ಮಳೆಗಾಲ ಹಿಡಿಯುವ ಹೊತ್ತಿಗೆ ಅದರ ಬಾಲ ಮತ್ತೆ ಬೆಳೆದಿತ್ತು, ನಡುವಿನ ಚಪ್ಪಟೆ ಕಲ್ಲಿನ ಮೇಲೆ ಮೊಟ್ಟೆ ಇಟ್ಟಿತು, ಎಳ್ಳು ಚೆಲ್ಲಿದಂತೆ ಮರಿಗಳಾದವು. ಓಣಿಯ ಹೆಂಗಸರು ಬಂದು ಅತ್ತೆಗೆ ಬಾಣಂತಿಯ ತಾಯಿಯನ್ನು ಮಾತಾಡಿಸಿದ ಹಾಗೆ ಮಾತಾಡಿಸಿ ಹೋದರು.

ಇಷ್ಟಾದ ಮೇಲೆ ಒಂದು ದಿನ ಅತ್ತೆ ಭಾವನವರಿಗೆ ಹೇಳಿಬಿಟ್ಟರು: “ಇವರಿಬ್ರನ್ನ ಗದ್ವಾಲಕ್ಕ ಕಳಸೋದು ಬ್ಯಾಡ. ಇಬ್ರನ್ನೇ ಒಂದ ಗಡಿಗ್ಯಾಗ ಹಾಕಿ ಬಾಯಿ ಕಟ್ಟಿದಂಗ ಆಗ್ತೈತಿ. ಮುಂದಿನ ಹಬ್ಬ ಬರೋದ್ರೊಳಗ ಈಕಿ ಲೋಟ ಒಗದು ಮಕ್ತಲದಾಗ ಇರ್ತಾಳ.”

ನಾನು ಅಡಿಗೆಮನೆಯ ಬಾಗಿಲಲ್ಲಿದ್ದೆ. ಮೈಯೆಲ್ಲ ಉರಿದುಹೋಯಿತು. “ನಾನೇನು ನಿಮ್ಮ ಮೀನಾ? ನೀವು ನನ್ನ ಬಾಳ್ವಿ ಮಾಡಾಕ ಬಿಡೋದಿಲ್ರಿ” ಎಂದು ಕೂಗಿದೆ. ಅವರೂ ಎದ್ದು ಬಂದರು. ಆ ದಿನದ ಜಗಳವನ್ನು ಬರೆಯಲು ಈಗ ನಾಚಿಕೆ ಏನಿಲ್ಲ, ಜಾಗ ಸಾಲದು ಅಷ್ಟೆ. ನಮ್ಮವರು ಬಂದು ತಾಯಿಗೆ ಎದುರಾಡಿದ್ದಕ್ಕೆ ನನ್ನನ್ನು ಬೈದರು. ನಾನು ಹೆಂಡತಿಯ ಪರ ನಿಲ್ಲದ್ದಕ್ಕೆ ಅವರನ್ನು ಬೈದೆ. ಲೋಟ ಕೈಗೆ ಸಿಕ್ಕಿತು. ಎತ್ತಿದ ಕೈ ಎತ್ತಿದ ಹಾಗೇ ಇತ್ತು, ಅಷ್ಟರಲ್ಲಿ ಅತ್ತೆಯವರ ಮುಖ ನೋಡಿದೆ. ಅವರು ಲೋಟವನ್ನು ನೋಡುತ್ತಿರಲಿಲ್ಲ. ಮಗನನ್ನು ಒಮ್ಮೆ, ನನ್ನನ್ನು ಒಮ್ಮೆ, ಆಮೇಲೆ ತಾವು ನಿಂತ ಜಾಗವನ್ನು ನೋಡಿಕೊಂಡರು. ಕಟ್ಟೆಯ ಮೇಲೆ ಕೂತಾಗ ಇರುತ್ತಿದ್ದ ಅದೇ ನೋಟ. ಲೋಟ ಕೆಳಗಿಟ್ಟೆ. ಅತ್ತೆ ಹೊರಗೆ ಹೋದರು.

ದಸರಾ ಮುಗಿದ ಮೊದಲ ಸೋಮವಾರ ಲಿಂಗಪೂಜೆ ಮುಗಿಸಿ ಎದ್ದವರೇ ಅತ್ತೆ, ಎಲ್ಲರ ಸಾಮಾನು ಅಂಗಳಕ್ಕೆ ತರಿಸಿದರು. ಪೆಟ್ಟಿಗೆ, ಹಾಸಿಗೆ, ಕೌದಿ, ಕನ್ನಡಿ ಎಲ್ಲ ಹೌಜಿನ ಸುತ್ತ ರಾಶಿ ಬಿದ್ದವು. ಆಮೇಲೆ ಒಬ್ಬೊಬ್ಬರಿಗೆ ಹೇಳುತ್ತಾ ಬಂದರು. ಅಡಿಗೆಮನೆ ಅಕ್ಕನಿಗೆ. ಬಾಗಿಲ ಪಕ್ಕದ ಕೋಣೆ, ಅಂಗಡಿಗೆ ಬರುವ ಹೆಂಗಸರಿಗೆ ಸೀರೆ ತೋರಿಸುವ ಕೆಲಸ ನನಗೆ. “ನಿನ್ನ ಬಾಯಿ ಅಲ್ಲಿ ಖರ್ಚಾಗಲಿ” ಎಂದರು. ನಮ್ಮವರು ಊರಲ್ಲಿದ್ದಾಗ ಹಗಲೆಲ್ಲ ಇಲ್ಲಿನ ನೇಕಾರರ ಓಣಿಯಲ್ಲಿರಬೇಕು. “ಅಲ್ಲಿ ಬಾಳ ಮಂದಿ ಅದಾರ, ಎಲ್ಲಾರೂ ಬಾಯಿಗಿ ಬಾಯಿ ಕೊಡಾವರು. ಒಬ್ಬರೂ ನಿನ್ನ ಕೈಗಿ ಸಿಗೋದಿಲ್ಲ.” ಅಂಗಳಕ್ಕೆ ಮುಖವಿದ್ದ ದೊಡ್ಡ ಕೋಣೆ ಅತ್ತೆಯವರದು, ಮದುವೆಯಾಗಿ ಬಂದಾಗಿನಿಂದ ಅವರು ಮಲಗಿದ್ದ ಕೋಣೆ. ಅದನ್ನು ಭಾವನವರಿಗೂ ಅಕ್ಕನಿಗೂ ಕೊಟ್ಟರು. ಉಳಿದ ಕೋಣೆಗಳಲ್ಲಿ ನೂಲು ತುಂಬಿಸಿದರು.

ಎಲ್ಲ ಹಂಚಿಕೆ ಮುಗಿದ ಮೇಲೆ ಅತ್ತೆಯವರ ಪೆಟ್ಟಿಗೆಯೊಂದು ಅಂಗಳದಲ್ಲೇ ಉಳಿಯಿತು.

“ಅವ್ವಾ, ನೀ ಎಲ್ಲಿ ಮಲಗ್ತಿ?” ಎಂದು ಭಾವನವರು ಕೇಳಿದರು.

“ಗದ್ವಾಲದಾಗ.”

ಎಲ್ಲರೂ ಒಟ್ಟಿಗೆ ಮಾತಾಡಿದರು. ಜನ ಏನಂತಾರೆ ಎಂದರು ಭಾವ. ನಾವು ಹೊರಗೆ ಹಾಕಿದೆವು ಅಂತಾರೆ ಎಂದರು ನಮ್ಮವರು. “ಅನ್ನಲಿ. ಗಂಡ ನೇಯಿಸಿದ ಸೀರಿ ಕೆಟ್ಟು ಹೊಂಟೈತಿ. ಅದನ್ನ ನೋಡಾಕ ನನ್ನಷ್ಟು ಹಕ್ಕು ಯಾರಿಗೈತಿ?” ಎಂದು ಅತ್ತೆ ಎಲ್ಲರ ಬಾಯಿ ಮುಚ್ಚಿಸಿದರು.

ಮಧ್ಯಾಹ್ನ ಅವರು ಈಬತ್ತಿ ಗಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಾಗ ನಾನು ಹೋಗಿ ಮುಂದೆ ಕೂತೆ. ಯಾಕೆ ಹೊರಟದ್ದೆಂದು ಅವರೇ ಹೇಳಿದರು.

“ನೀವಿಬ್ರೂ ಜಗಳ ಆಡೋದು ನೋಡೀನಿ. ಶುರು ಆಗೋದು ನನ್ನ ನಿನ್ನ ನಡುವ. ಅವನು ಆಮ್ಯಾಲ ಬರ್ತಾನ. ಈ ಮನಿಯಾಗ ನಿನ್ನಂಥಾಕಿ ಇನ್ನೊಬ್ಬಾಕಿ ಇದ್ರ ಅದು ನಾನೇ. ನಾ ಪಟ್ಟಿ ಮೀನು, ತಂಗೀ.”

“ಪಟ್ಟಿ ಮೀನು ಎಲ್ಲೂ ಹೋಗ್ಲಿಲ್ರಿ, ಸತ್ವು” ಎಂದೆ. ನನ್ನ ನಾಲಗೆ ಅಂಥ ಹೊತ್ತಿನಲ್ಲೂ ಸುಮ್ಮನಿರಲಿಲ್ಲ.

“ಅದಕ್ಕ, ಮೊದ್ಲ ಹೊಂಟೀನಿ” ಎಂದು ನಕ್ಕರು. ನಾನು ನಗಲಿಲ್ಲ. ಅವರ ಮಡಿಲಲ್ಲಿ ತಲೆಯಿಟ್ಟು ಅತ್ತುಬಿಟ್ಟೆ. ಅವರು ತಲೆ ಸವರಲಿಲ್ಲ, ಅದು ಅವರ ಪದ್ಧತಿಯಲ್ಲ. ಈಬತ್ತಿ ಒದ್ದೆಯಾಗ್ತೈತಿ, ಆ ಕಡೆ ಸರಿ ಎಂದರು.

ಆಮೇಲೆ ಅವರು ಬಹಳ ವರ್ಷ ಗದ್ವಾಲದಲ್ಲಿ ಬಾಳಿದರು. ಅಲ್ಲಿನ ನೇಕಾರರು ತೆಲುಗಿನಲ್ಲಿ ಅಮ್ಮ ಎಂದರೆ ಅವರನ್ನೇ ಎಂದು ತಿಳಿಯಬೇಕು. ಒಂದು ಅಂಚು ಸೊಟ್ಟಗಾದರೆ ಬಿಚ್ಚಿಸದೆ ಬಿಡುತ್ತಿರಲಿಲ್ಲವಂತೆ. ನಮ್ಮ ಗದ್ವಾಲ ಸೀರೆಗೆ ಮತ್ತೆ ಹೆಸರು ಬಂತು. ವರ್ಷಕ್ಕೊಮ್ಮೆ ನಾನು ಹೋಗುತ್ತಿದ್ದೆ. ಮೂರು ದಿನ ತಾಯಿ ಮಗಳ ಹಾಗೆ ಇರುತ್ತಿದ್ದೆವು, ನಾಲ್ಕನೆಯ ದಿನ ಉಪ್ಪಿನ ಮರಿಗೆಯ ಮಾತು ಬರುತ್ತಿತ್ತು, ನಾನು ಗಂಟು ಕಟ್ಟುತ್ತಿದ್ದೆ. ನಮ್ಮವರ ಮತ್ತು ನನ್ನ ಜಗಳ ನಿಂತಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಸಂಜೆಗೆ ಇಬ್ಬರೂ ಹೊರಗಿನವರ ಜೊತೆ ಕೂಗಾಡಿ ದಣಿದು ಬಂದಿರುತ್ತಿದ್ದೆವು. ಅವರು ನೇಕಾರರನ್ನು ಬೈಯುತ್ತಿದ್ದರು, ನಾನು ಗಿರಾಕಿಗಳನ್ನು ಬೈಯುತ್ತಿದ್ದೆ, ಇಬ್ಬರೂ ಒಬ್ಬರ ಪರ ಒಬ್ಬರು ಮಾತಾಡುತ್ತಿದ್ದೆವು. ಮಕ್ತಲಕ್ಕೆ ಹಬ್ಬಕ್ಕಷ್ಟೇ ಹೋದೆ, ಬಂಡಿಯಲ್ಲಿ ಅವರ ಪಕ್ಕ ಕೂತು.

ಅತ್ತೆಯವರು ಹೊರಟ ದಿನ ಬೀಳ್ಕೊಡಲು ನಾವಿಬ್ಬರೂ ಮಕ್ತಲದ ಮೇಲೆ ಹಾದು ಕೃಷ್ಣೆಯ ದಂಡೆಯವರೆಗೆ ಹೋಗಿದ್ದೆವು. ನೀರು ಇಳಿದು ತಿಳಿಯಾಗಿತ್ತು. ಹರಿಗೋಲಿನಲ್ಲಿ ಅವರ ಪೆಟ್ಟಿಗೆ ಇಟ್ಟೆವು. ಕಾಲಿಗೆ ಬಿದ್ದೆ. ಅವರು ಹತ್ತಿ ಕೂತರು. ಅಂಬಿಗನು ನಡುವೆ ಕೂರಮ್ಮ ಎಂದ, ಇವರು ಅಂಚಿಗೇ ಕೂರುವೆ ಎಂದರು. ಹರಿಗೋಲು ದಂಡೆ ಬಿಟ್ಟು ತಿರುಗುತ್ತಾ ದೂರವಾಗುತ್ತಿದ್ದಂತೆ ಇಬ್ಬರ ಜಗಳ ತೆಲುಗಿನಲ್ಲಿ ಜೋರಾಯಿತು. ನಮ್ಮವರು ನಕ್ಕರು, ನಾನೂ ನಕ್ಕೆ, ಆಮೇಲೆ ಅಳು ತಡೆಯಲಾಗಲಿಲ್ಲ. ನಮ್ಮವರು ನನ್ನ ಪಕ್ಕಕ್ಕೆ ಬಂದು ನಿಂತರು. ನಾನು ಆಸೆಪಟ್ಟದ್ದು ಅತ್ತೆಯಿಲ್ಲದ ಬೇರೆ ಮನೆ. ಅದು ಸಿಕ್ಕಿತು. ನಾನು ಎಲ್ಲಿಗೂ ಹೋಗಲಿಲ್ಲ, ಹೋದವರು ಅವರು.